ಗಣಕಯಂತ್ರದ ಮುಂದೆ ನಮ್ಮ ವಿದ್ಯಾರ್ಥಿಗಳು

ಈ ವಾರ್ಷಿಕ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಕನ್ನಡ ಪಂಡಿತನಾದ ನಾನು ಎಂದಿನಂತೆ ಹಳಗನ್ನಡ ಕಾವ್ಯದ ಒಂದು ಸಂದರ್ಭವನ್ನೋ ವ್ಯಾಕರಣದ ಒಂದು ಸೂತ್ರವನ್ನೋ ಹಿಡಿದು ನಾಲ್ಕು ಪುಟ ವಿವೇಚಿಸಿ ಕೊಡುವೆನೆಂದು ಅವರು ಎಣಿಸಿದ್ದಿರಬೇಕು. ಹಿಂದಿನ ಸಂಚಿಕೆಗಳಲ್ಲಿ ನಾನು ಮಾಡಿದುದೂ ಅದನ್ನೇ. ಈ ಬಾರಿ ನನ್ನ ಶಾಸ್ತ್ರದ ಎಲ್ಲೆಯನ್ನು ದಾಟಿ, ಗಣಕಯಂತ್ರದ ಮೂಲಕ ನಡೆಯುವ ಪ್ರವೇಶ ಪರೀಕ್ಷೆಗಳ ವಿಷಯವಾಗಿ ಕೆಲವು ಮಾತುಗಳನ್ನು ಬರೆಯಹೊರಟಿದ್ದೇನೆ. ಗಣಿತ ವಿಜ್ಞಾನಗಳ ಉಪಾಧ್ಯಾಯ ಮಿತ್ರರು ಇದನ್ನು ಅಧಿಕಪ್ರಸಂಗವೆಂದು ಭಾವಿಸಬಾರದೆಂದು ಬೇಡುತ್ತೇನೆ. ಹೀಗೆ ಬರೆಯಲು ಕಾರಣನಾದವನು ನಮ್ಮ ಪ್ರಸಾದನಿಲಯದ ಒಬ್ಬ ಹುಡುಗ.

ಅವನ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ. ಒಕ್ಕಲುತನದ ಮನೆಯವನು, ಐದನೆಯ ತರಗತಿಗೆ ಬಂದು ಸೇರಿದವನು ಪದವಿಪೂರ್ವ ಕಲಾವಿಭಾಗವನ್ನು ಮುಗಿಸುವವರೆಗೆ ಇಲ್ಲಿಯೇ ಉಂಡು, ಇಲ್ಲಿಯೇ ಮಲಗಿ, ನಮ್ಮ ಪಾಠಗಳನ್ನೇ ಕೇಳಿದವನು. ಕನ್ನಡದಲ್ಲಿ, ಇತಿಹಾಸದಲ್ಲಿ, ರಾಜ್ಯಶಾಸ್ತ್ರದಲ್ಲಿ ಗಟ್ಟಿಗ. 2023ರಲ್ಲಿ ಕೇಂದ್ರ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಗೆ ಕುಳಿತನು. ಪರೀಕ್ಷೆ ಮುಗಿಸಿ ಬಂದ ಮರುದಿನ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದನು. ಒಳಗೆ ಕರೆದು ಕೇಳಿದೆ.

“ಗುರುಗಳ, ಉತ್ತರ ಗೊತ್ತಿದ್ದುವ್ರೀ. ಒತ್ತೀನ್ರೀ. ಆದರ ಉಳಸೂದು ಗೊತ್ತಿರಲಿಲ್ರೀ” ಎಂದನು.

ನನಗೆ ಅರ್ಥವಾಗಲಿಲ್ಲ. ಕಾಗದದ ಮೇಲೆ ಬರೆದು ತೋರಿಸಿದನು. ಪರದೆಯ ಒಂದು ಪಕ್ಕದಲ್ಲಿ ಪ್ರಶ್ನೆಗಳ ಕ್ರಮಸಂಖ್ಯೆಗಳು ಚೌಕಗಳಲ್ಲಿ ಸಾಲಾಗಿ ಇರುತ್ತವೆ. ಇವನು ಸರಿಯಾದ ಉತ್ತರದ ಮೇಲೆ ಗುರುತು ಮಾಡುವನು. ಆಮೇಲೆ ಪಕ್ಕದಲ್ಲಿರುವ ಮುಂದಿನ ಸಂಖ್ಯೆಯ ಮೇಲೆ ಒತ್ತಿ ಆ ಪ್ರಶ್ನೆಗೆ ಹೋಗುವನು. ಕೆಳಗೆ ‘ಸೇವ್ ಅಂಡ್ ನೆಕ್ಸ್ಟ್’ ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ಮಾತ್ರ ಮಾಡಿದ ಗುರುತು ಉಳಿಯುತ್ತದೆ. ಸಂಖ್ಯೆಯನ್ನು ನೇರವಾಗಿ ಒತ್ತಿ ಹಾರಿದರೆ ಉಳಿಯುವುದಿಲ್ಲ. ಇದು ಪರೀಕ್ಷೆಯ ಆರಂಭದಲ್ಲಿ ತೋರಿಸುವ ಸೂಚನೆಗಳಲ್ಲಿ ಸ್ಪಷ್ಟವಾಗಿ ಬರೆದಿರುವ ಸಂಗತಿ. ಆದರೆ ಜೀವನದಲ್ಲಿ ಮೊದಲ ಬಾರಿಗೆ ಮೌಸನ್ನು ಕೈಯಲ್ಲಿ ಹಿಡಿದ ಹುಡುಗನ ಲಕ್ಷ್ಯವೆಲ್ಲ ಆ ಬಾಣದ ಗುರುತನ್ನು ಬೇಕಾದಲ್ಲಿ ನಿಲ್ಲಿಸುವುದರಲ್ಲಿಯೇ ಇದ್ದಿತು. ಎಷ್ಟೋ ಪ್ರಶ್ನೆಗಳು ಕಳೆದ ಮೇಲೆ, ಪಕ್ಕದ ಚೌಕಗಳು ಹಸುರಾಗದೆ ಕೆಂಪಾಗಿಯೇ ಉಳಿದುದನ್ನು ಕಂಡು ಗಾಬರಿಗೊಂಡು ಹಿಂದಿರುಗುವಷ್ಟರಲ್ಲಿ ಕಾಲ ಮೀರಿತ್ತು. ಅವನು ಬಯಸಿದ ಸ್ಥಾನ ಅವನಿಗೆ ದೊರೆಯಲಿಲ್ಲ. ಮುಂದೆ ಹತ್ತಿರದ ಒಂದು ಕಾಲೇಜಿನಲ್ಲಿ ಬಿ.ಎ.ಗೆ ಸೇರಿ ಚೆನ್ನಾಗಿಯೇ ಓದಿದನು. ನನ್ನ ಮನಸ್ಸು ಮಾತ್ರ ಅಂದಿನಿಂದ ಸಮಾಧಾನಗೊಂಡಿಲ್ಲ.

ಏಕೆಂದರೆ ನಮ್ಮ ಶಾಲೆಯಲ್ಲಿ ಗಣಕಯಂತ್ರಗಳು ಇರಲಿಲ್ಲವೆಂದಲ್ಲ. ಉದಾರಿಗಳಾದ ಹಳೆಯ ವಿದ್ಯಾರ್ಥಿಯೊಬ್ಬರು ಹಲವು ವರ್ಷಗಳ ಹಿಂದೆಯೇ ಒಂದು ಕೊಠಡಿಯ ತುಂಬ ಯಂತ್ರಗಳನ್ನು ಕೊಡಿಸಿದ್ದರು. ಅವುಗಳಿಗೆ ಬಟ್ಟೆಯ ಗವಸು ಹೊಲಿಸಿದೆವು, ಬಾಗಿಲಿಗೆ ಬೀಗ ಹಾಕಿದೆವು, ಆಯುಧಪೂಜೆಯ ದಿನ ತಪ್ಪದೆ ಪೂಜಿಸಿದೆವು. ವೇಳಾಪಟ್ಟಿ ರಚಿಸುವ ಸಭೆಯಲ್ಲಿ ವಾರಕ್ಕೆ ಎರಡು ಅವಧಿಗಳನ್ನು ಆ ಕೊಠಡಿಗೆ ಕೊಡಬೇಕೆಂಬ ಸೂಚನೆ ಬಂದಾಗ ಅದನ್ನು ವಿರೋಧಿಸಿದವನು ನಾನೇ. ಗುಂಡಿ ಒತ್ತುವುದನ್ನು ಕಲಿಯಲು ಅವಧಿ ಬೇಕೆ, ಆ ಎರಡು ಅವಧಿಗಳನ್ನು ವ್ಯಾಕರಣಕ್ಕೆ ಕೊಡಿರೆಂದು ವಾದಿಸಿದೆ. ಹಿರಿಯನೆಂಬ ಗೌರವದಿಂದ ಸಭೆ ನನ್ನ ಮಾತನ್ನು ಒಪ್ಪಿಕೊಂಡಿತು. ಈ ತಪ್ಪೊಪ್ಪಿಗೆಯನ್ನು ಮೊದಲಿಗೇ ಮಾಡಿಕೊಂಡರೆ ಮುಂದಿನ ಮಾತುಗಳನ್ನು ವಾಚಕರು ಉಪದೇಶವೆಂದು ತಿಳಿಯಲಾರರೆಂಬ ನಂಬಿಕೆ ನನ್ನದು.

ಈ ಪರೀಕ್ಷೆಗಳ ಪರಿಚಯವಿಲ್ಲದ ಹಿರಿಯ ಹಳೆಯ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಕೇಂದ್ರ ಸರ್ಕಾರವು 2017ರಲ್ಲಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯೊಂದನ್ನು ಸ್ಥಾಪಿಸಿತು. ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ನಡೆಯುವ ಜೆಇಇ ಮೇನ್ ಪರೀಕ್ಷೆ 2019ರಿಂದ ಅದರ ಕೈಯಲ್ಲಿ ಗಣಕಯಂತ್ರದ ಮೂಲಕವೇ ನಡೆಯುತ್ತಿದೆ. ವಾಸ್ತುಶಿಲ್ಪದ ಚಿತ್ರರಚನೆಯ ಭಾಗವೊಂದಕ್ಕೆ ಮಾತ್ರ ಕಾಗದ ಪೆನ್ಸಿಲು ಉಳಿದಿವೆ. 2021ರಿಂದ ಈ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದಾಗಿದೆ. ಕೇಂದ್ರ ವಿಶ್ವವಿದ್ಯಾಲಯಗಳ ಪದವಿ ತರಗತಿಗಳ ಪ್ರವೇಶಕ್ಕೆ ಸಿಯುಇಟಿ ಎಂಬ ಸಾಮಾನ್ಯ ಪರೀಕ್ಷೆ 2022ರಲ್ಲಿ ಬಂದಿತು. ಅದೂ 13 ಭಾಷೆಗಳಲ್ಲಿ. 2024ರಲ್ಲಿ ಕೆಲವು ವಿಷಯಗಳನ್ನು ಕಾಗದದ ಮೇಲೆ ನಡೆಸಿ ನೋಡಿ, 2025ರಲ್ಲಿ ಮತ್ತೆ ಪೂರ್ಣವಾಗಿ ಗಣಕಕ್ಕೇ ಮರಳಿದರು. ಉಪಾಧ್ಯಾಯರಾಗಬಯಸುವವರ ನಾಲ್ಕು ವರ್ಷದ ಸಂಯೋಜಿತ ಶಿಕ್ಷಣ ವ್ಯಾಸಂಗಕ್ಕೂ 2023ರಿಂದ ಇದೇ ಬಗೆಯ ಪರೀಕ್ಷೆ. ನೀಟ್ ಪರೀಕ್ಷೆಯೂ ನಮ್ಮ ರಾಜ್ಯದ ಸಿಇಟಿಯೂ 2025ರಲ್ಲಿ ಕಾಗದದ ಮೇಲೆಯೇ ನಡೆದವು. ಆದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂಬುದು ಕಣ್ಣಿದ್ದವರಿಗೆಲ್ಲ ಕಾಣುತ್ತಿದೆ. ಅಮೆರಿಕದಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಅಲ್ಲಿಯ ಎಸ್‌ಎಟಿ ಪರೀಕ್ಷೆ 2024ರ ಮಾರ್ಚಿನಿಂದ ಗಣಕಕ್ಕೆ ಹೋಗಿದೆ. ಅಲ್ಲಿ ಮೊದಲ ಭಾಗದ ಉತ್ತರಗಳನ್ನು ನೋಡಿಕೊಂಡು ಯಂತ್ರವೇ ಎರಡನೆಯ ಭಾಗವನ್ನು ಕಠಿಣವಾಗಿಯೋ ಸುಲಭವಾಗಿಯೋ ಆರಿಸಿ ಕೊಡುತ್ತದೆ.

ಇದೆಲ್ಲ ದೆಹಲಿಯ ಮಾತು, ನಮಗೇನೆಂದು ಕೇಳುವವರುಂಟು. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿ ತರಗತಿಗಳಿಗೂ ಈ ಪರೀಕ್ಷೆಯೇ ಹೆಬ್ಬಾಗಿಲು. ನಮ್ಮದೇ ನೆಲದ ಮೇಲಿರುವ ವಿದ್ಯಾಲಯಕ್ಕೆ ನಮ್ಮ ಹೊಲಗದ್ದೆಗಳ ಮಕ್ಕಳು ಕಾಲಿಡಬೇಕಾದರೆ ಒಂದು ಪರದೆಯ ಮುಂದೆ ಕುಳಿತು ಬರಬೇಕು.

ಹಾಗಾದರೆ ಶಾಲೆ ಮಾಡಬೇಕಾದ ಸಿದ್ಧತೆ ಯಾವುದು? ಯಂತ್ರದ ಪರಿಚಯ ಮಾಡಿಸಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ಬಹು ಚಿಕ್ಕ ಕೆಲಸವೆಂಬುದನ್ನು ನಾನೇ ಕಲಿತು ಕಂಡುಕೊಂಡಿದ್ದೇನೆ. ಆ ಹುಡುಗನ ಪ್ರಸಂಗವಾದ ಮೇಲೆ ಪ್ರಯೋಗಶಾಲೆಯ ಕಿರಿಯ ಮಿತ್ರರೊಬ್ಬರ ಪಕ್ಕದಲ್ಲಿ ಕುಳಿತು, ಪರೀಕ್ಷಾ ಸಂಸ್ಥೆಯವರೇ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವ ಅಣಕು ಪರೀಕ್ಷೆಯನ್ನು ನಾನೂ ತೆಗೆದುಕೊಂಡೆ. ಹಸುರು ಚೌಕವೆಂದರೆ ಉತ್ತರಿಸಿ ಉಳಿಸಿದ್ದು. ಕೆಂಪೆಂದರೆ ನೋಡಿಯೂ ಉತ್ತರಿಸದೆ ಬಿಟ್ಟದ್ದು. ನೇರಳೆಯೆಂದರೆ ಮತ್ತೊಮ್ಮೆ ನೋಡಲೆಂದು ಗುರುತಿಟ್ಟದ್ದು. ನೇರಳೆಯ ಜೊತೆಗೆ ಹಸುರಿನ ಚುಕ್ಕೆಯಿದ್ದರೆ ಆ ಉತ್ತರವೂ ಲೆಕ್ಕಕ್ಕೆ ಬರುತ್ತದೆ. ಮಾಡಿದ ಗುರುತನ್ನು ಅಳಿಸಲು ಬೇರೊಂದು ಗುಂಡಿ. ಮೇಲುಗಡೆ ಗಡಿಯಾರವು ಇಳಿಮುಖವಾಗಿ ಓಡುತ್ತಿರುತ್ತದೆ. ಇಷ್ಟೆ. ಐವತ್ತು ದಾಟಿದ ಈ ಕೈಗಳಿಗೆ ಮೂರು ದಿನ ಹಿಡಿಯಿತು. ಹುಡುಗರಿಗೆ ಒಂದು ದಿನ ಸಾಕು. ಮೌಸಿಗೆ ‘ಇಲಿ’ ಎಂದೇ ಕನ್ನಡದಲ್ಲಿ ಹೇಳಬಾರದೇಕೆಂದು ಕೇಳಿದ ಐದನೆಯ ತರಗತಿಯ ಹುಡುಗಿಯೊಬ್ಬಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಹತ್ತನೆಯ ತರಗತಿ ಮುಗಿಯುವುದರೊಳಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಹತ್ತು ಬಾರಿಯಾದರೂ ಹೀಗೆ ಕುಳಿತೆದ್ದರೆ ಯಂತ್ರದ ಭಯ ತೊಲಗುತ್ತದೆ. ಹತ್ತು ಗಂಟೆಗಳ ಕೆಲಸವನ್ನು ಹತ್ತು ವರ್ಷ ಮಾಡದೆ ಉಳಿದೆವಲ್ಲ ಎಂಬುದೇ ನಾಚಿಕೆ.

ಇನ್ನು ನಿಜವಾದ ಕೊರತೆಯ ಮಾತು. ಸಿಯುಇಟಿಯ 2025ರ ನಿಯಮದಂತೆ ಒಂದೊಂದು ಪತ್ರಿಕೆಗೆ 50 ಪ್ರಶ್ನೆಗಳು, 60 ನಿಮಿಷಗಳು. ಎಲ್ಲ ಪ್ರಶ್ನೆಗಳೂ ಕಡ್ಡಾಯ. ಹೆಚ್ಚೆಂದರೆ ಐದು ವಿಷಯಗಳನ್ನು ಆರಿಸಿಕೊಳ್ಳಬಹುದು. ಪ್ರಶ್ನೆಯೊಂದಕ್ಕೆ 72 ಸೆಕೆಂಡುಗಳೆಂದಾಯಿತು. ಭಾಷಾ ಪತ್ರಿಕೆಗಳಲ್ಲಿ ಕನ್ನಡವೂ ಒಂದು. ಗದ್ಯಭಾಗವೊಂದನ್ನು ಕೊಟ್ಟು ಅದರ ತಾತ್ಪರ್ಯವನ್ನು ಕೇಳುತ್ತಾರೆ; ಅಸ್ತವ್ಯಸ್ತವಾದ ವಾಕ್ಯಗಳನ್ನು ಕ್ರಮಕ್ಕೆ ತರಲು ಹೇಳುತ್ತಾರೆ; ಸಮಾನಾರ್ಥಕ, ವಿರುದ್ಧಾರ್ಥಕ, ಉಚಿತ ಪದಪ್ರಯೋಗಗಳನ್ನು ಪರೀಕ್ಷಿಸುತ್ತಾರೆ. ಪಾಠಪುಸ್ತಕದಲ್ಲಿ ಕಾಣದ ಗದ್ಯವನ್ನು ಪರದೆಯನ್ನು ಮೇಲೆ ಕೆಳಗೆ ಸರಿಸುತ್ತ ತಾನೇ ಓದಿ ತಾನೇ ತಿಳಿಯಬೇಕು.

ನಮ್ಮ ಹತ್ತನೆಯ ತರಗತಿಗೆ ಅವರೆಂದೂ ನೋಡದ ಒಂದು ಪುಟದ ಗದ್ಯವನ್ನು ನಾನು ಕೊಟ್ಟು ನೋಡಿದೆ. ಮೌನವಾಗಿ ಓದಿ, ಬಳಿಕ ಐದು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಬಹುಮಂದಿಯ ತುಟಿಗಳು ಆಡುತ್ತಿದ್ದವು. ಕೆಲವರು ಬೆರಳಿಟ್ಟು ಓದುತ್ತಿದ್ದರು. ಅರ್ಧದಷ್ಟು ಮಂದಿ ಕಾಲದೊಳಗೆ ಓದಿ ಮುಗಿಸಲಿಲ್ಲ. ಮುಗಿಸಿದವರಲ್ಲಿಯೂ ಹಲವರು ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು: ಗುರುಗಳು ಇನ್ನು ಇದರ ಅರ್ಥವನ್ನು ಹೇಳುತ್ತಾರೆ ಎಂದು. ದಡ್ಡ ಮಕ್ಕಳೇ ಎಂದು ಕೇಳಿದರೆ ಅಲ್ಲ. ಅದೇ ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಕನ್ನಡಕ್ಕೆ ತುಂಬು ಅಂಕಗಳನ್ನು ತಂದು ಕೊಡುವವರು. ಅವರ ಹೆಸರುಗಳನ್ನೇ ನಾವು ಫಲಕದ ಮೇಲೆ ಬರೆಸುವುದು. ಪಾಠವನ್ನು ನಾವೇ ಓದುತ್ತೇವೆ, ನಾವೇ ಅನ್ವಯಿಸುತ್ತೇವೆ, ನಾವೇ ಅರ್ಥ ಹೇಳುತ್ತೇವೆ, ಬರಬಹುದಾದ ಪ್ರಶ್ನೆಗಳನ್ನು ನಾವೇ ಆರಿಸಿ ಉತ್ತರವನ್ನೂ ಬರೆಯಿಸುತ್ತೇವೆ. ಹತ್ತು ವರ್ಷ ತಾಯಿ ಉಣಿಸಿದ ಮಗು ತಾನೇ ಕೈಯೆತ್ತಿ ತುತ್ತಿಡಲಾರದೆ ಹೋದರೆ ಅದು ಮಗುವಿನ ದೋಷವಲ್ಲ. ಈ ನೋಟವನ್ನು ನನಗೆ ಕಾಣಿಸಿದುದು ಗಣಕಯಂತ್ರದ ಪರೀಕ್ಷೆ. ಅದಕ್ಕಾಗಿ ಅದಕ್ಕೆ ನಾನು ಋಣಿ.

ಕನ್ನಡ ವಾಕ್ಯದ ಸ್ವಭಾವಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ‘ಕೆಳಗಿನ ಹೇಳಿಕೆಗಳಲ್ಲಿ ಯಾವುದು ಸರಿಯಲ್ಲ?’ ಎಂಬ ಬಗೆಯವು ಹೇರಳ. ಇಂಗ್ಲಿಷಿನಲ್ಲಿ ನಿಷೇಧಪದವು ವಾಕ್ಯದ ನಡುವೆ ಬೇರೆ ಪದವಾಗಿ ನಿಂತಿರುತ್ತದೆ. ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಕನ್ನಡದಲ್ಲಿ ನಿಷೇಧವು ವಾಕ್ಯದ ಕಟ್ಟಕಡೆಗೆ, ಸಂಧಿಯಾಗಿ, ಹಿಂದಿನ ಪದದೊಳಗೆ ಅಡಗಿ ಕುಳಿತಿರುತ್ತದೆ. ಸರಿ, ಸರಿಯಲ್ಲ, ಹೊಂದುವುದು, ಹೊಂದುವುದಿಲ್ಲ. ಅವಸರದಲ್ಲಿ ವಾಕ್ಯದ ಬಾಲವನ್ನು ಬಿಟ್ಟು ಓದುವ ಹುಡುಗನು ವಿಷಯ ತಿಳಿದಿದ್ದೂ ವಿಪರೀತವಾದ ಉತ್ತರವನ್ನು ಒತ್ತುತ್ತಾನೆ. ಕ್ರಿಯಾಪದವನ್ನು ಕಾಣುವವರೆಗೆ ಅರ್ಥ ಮಾಡಬೇಡವೆಂದು ನಮ್ಮ ಗುರುಗಳು ಕಿವಿ ಹಿಂಡಿ ಹೇಳಿಕೊಟ್ಟದ್ದು ಹಳಗನ್ನಡದ ಅನ್ವಯಕ್ಕಾಗಿ. ಅದು ಈ ಪರೀಕ್ಷೆಗೂ ಒದಗುತ್ತದೆಂದು ಅವರೂ ಎಣಿಸಿರಲಾರರು.

ಹಾಗೆಯೇ ಪ್ರತಿಪಾದನೆ ಮತ್ತು ಕಾರಣ ಎಂಬ ಒಂದು ಜಾತಿಯ ಪ್ರಶ್ನೆಯಿದೆ. ಒಂದು ಮಾತನ್ನೂ ಅದಕ್ಕೆ ಕೊಟ್ಟ ಕಾರಣವನ್ನೂ ಮುಂದಿಟ್ಟು, ಎರಡೂ ಸತ್ಯವೇ, ಸತ್ಯವಾದರೆ ಆ ಕಾರಣವು ಆ ಮಾತಿಗೆ ನಿಜವಾಗಿ ಕಾರಣವೇ ಎಂದು ಕೇಳುತ್ತಾರೆ. ಹುಡುಗರು ಇದಕ್ಕೆ ಬಹಳ ಹೆದರುತ್ತಾರೆ. ತರ್ಕವನ್ನು ಓದಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಪಂಚಾವಯವಗಳಲ್ಲಿ ಮೊದಲೆರಡನ್ನು ತೆಗೆದುಕೊಂಡು ಹೇತುವು ಸದ್ಧೇತುವೋ ಹೇತ್ವಾಭಾಸವೋ ಎಂದು ಕೇಳಿದಂತಾಯಿತು. ‘ಈ ವರ್ಷ ಬೆಳೆ ಬರಲಿಲ್ಲ, ಏಕೆಂದರೆ ನಮ್ಮೂರ ಕೆರೆಯಲ್ಲಿ ಮೀನುಗಳಿವೆ’ ಎಂದು ಹಲಗೆಯ ಮೇಲೆ ಬರೆದೆ. ಎರಡೂ ನಿಜವಾಗಿರಬಹುದು, ಒಂದಕ್ಕೊಂದು ಕಾರಣವಲ್ಲ. ತರಗತಿಯೇ ನಕ್ಕಿತು, ತಿಳಿಯಿತು. ಹಳೆಯ ವಿದ್ಯೆಯನ್ನು ಕಲಿತವರು ಹೊಸ ಪರೀಕ್ಷೆಯನ್ನು ದೂರದಿಂದ ಕಂಡು ಮುಖ ತಿರುಗಿಸುವುದಕ್ಕಿಂತ ಹತ್ತಿರ ಹೋಗಿ ನೋಡುವುದು ಲೇಸು.

ಆದರೆ ನನಗೆ ಒಪ್ಪಿಗೆಯಾಗದ ಅಂಶವೂ ಇದರಲ್ಲುಂಟು, ಅದನ್ನು ಮರೆಮಾಚಲಾರೆ. ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಏನೂ ತಿಳಿಯದೆ ಕಣ್ಣುಮುಚ್ಚಿ ಒತ್ತಿದವನಿಗೆ ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು ಎಂದು ಹಿಡಿದರೆ, ಐದರಲ್ಲಿ ಮೂರು ಕಳೆದು ಎರಡು ಅಂಕ ಉಳಿಯಿತು. ಪ್ರಶ್ನೆಗೆ ಸರಾಸರಿ ಅರ್ಧ ಅಂಕದ ಲಾಭ. ಜೆಇಇಯಲ್ಲಿ 4 ಅಂಕ ಕೊಟ್ಟು 1 ಕಳೆಯುವುದರಿಂದ ಅಲ್ಲಿಯೂ ಕಾಲು ಅಂಕದ ಲಾಭ. ಈ ಲೆಕ್ಕವನ್ನು ಹಾಕಿಕೊಟ್ಟವರು ನಮ್ಮ ಗಣಿತದ ಮಿತ್ರರು. ನಾನು ಗುರುಗಳ ಎದುರಿಗೆ ಕುಳಿತು ಶಬ್ದಮಣಿದರ್ಪಣವನ್ನು ಪಾಠ ಹೇಳಿಸಿಕೊಂಡ ದಿನಗಳಲ್ಲಿ ಸೂತ್ರವನ್ನು ಹೇಳಬೇಕು, ವೃತ್ತಿಯನ್ನು ವಿವರಿಸಬೇಕು, ಪ್ರಯೋಗವನ್ನು ಕೊಡಬೇಕು. ತಿಳಿಯದಿದ್ದರೆ ‘ತಿಳಿಯದು’ ಎನ್ನಬೇಕು. ಊಹಿಸಿ ಹೇಳಿ ಸಿಕ್ಕಿಬಿದ್ದವನಿಗೆ ಅಂದು ಪಾಠವೇ ಇಲ್ಲ. ತಿಳಿಯದು ಎಂದವನಿಗೆ ಮಾತ್ರ ಮತ್ತೊಮ್ಮೆ ಹೇಳಿಕೊಡುತ್ತಿದ್ದರು. ಈ ಪರೀಕ್ಷೆಯಲ್ಲಿ ತಿಳಿಯದು ಎಂದು ಸುಮ್ಮನಿದ್ದವನಿಗೆ ಸೊನ್ನೆ, ಊಹಿಸಿದವನಿಗೆ ಸರಾಸರಿ ಲಾಭ. ನಮ್ಮ ಹುಡುಗರಿಗೆ ಇದನ್ನು ಹೇಳಿಕೊಡಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಪಟ್ಟಣದ ಮಕ್ಕಳೆಲ್ಲ ಬಲ್ಲ ಲೆಕ್ಕವನ್ನು ನಮ್ಮ ಮಕ್ಕಳಿಗೆ ಮುಚ್ಚಿಡುವುದು ಅನ್ಯಾಯವಾಗುತ್ತದೆ, ಆದ್ದರಿಂದ ಹೇಳಿಕೊಟ್ಟಿದ್ದೇನೆ. ನನ್ನ ತರಗತಿಯಲ್ಲಿ ಮಾತ್ರ ತಿಳಿಯದು ಎಂದವನಿಗೇ ಮರ್ಯಾದೆ ಎಂಬುದನ್ನೂ ಕೂಡಿಸಿ ಹೇಳಿದ್ದೇನೆ.

ಭಾಷೆಯ ಪ್ರಶ್ನೆ ಇನ್ನೂ ಜಟಿಲ. ಪರೀಕ್ಷೆ ಕನ್ನಡದಲ್ಲಿದೆಯೆಂದು ನಾವು ಸಂತೋಷಪಡುತ್ತೇವೆ, ಸಂತೋಷಪಡತಕ್ಕದ್ದೇ. ಆದರೆ ಸಿಯುಇಟಿಯ ವಿಷಯಪತ್ರಿಕೆಗಳ ಪಠ್ಯಕ್ರಮಕ್ಕೆ ಆಧಾರ ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಪಾಠಗಳು. ನಮ್ಮ ಪದವಿಪೂರ್ವ ಕಲಾವಿಭಾಗದ ಇತಿಹಾಸ, ರಾಜ್ಯಶಾಸ್ತ್ರದ ಪುಸ್ತಕಗಳು ಬೇರೆ; ಆ ಪುಸ್ತಕಗಳು ಇಂಗ್ಲಿಷು ಹಿಂದಿಗಳಲ್ಲಿ ದೊರೆಯುವಂತೆ ಕನ್ನಡದಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಪ್ರಶ್ನೆ ಕನ್ನಡದಲ್ಲಿ, ಓದಬೇಕಾದ ಪುಸ್ತಕ ಕನ್ನಡದಲ್ಲಿಲ್ಲ! ವಿಜ್ಞಾನದ ಮಕ್ಕಳ ಸ್ಥಿತಿ ಇದಕ್ಕೆ ವಿಪರೀತ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಪದವಿಪೂರ್ವದಲ್ಲಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಪಾಠ ಕೇಳಿ, ಕಡೆಗೆ ಪರೀಕ್ಷೆಯ ಅರ್ಜಿಯಲ್ಲಿ ಯಾವ ಭಾಷೆಯನ್ನು ಬರೆಯುವುದೆಂದು ತಿಳಿಯದೆ ನಿಲ್ಲುತ್ತಾರೆ. ಅಭಿಮಾನದಿಂದ ಕನ್ನಡವನ್ನು ಆರಿಸು ಎಂದು ಕನ್ನಡ ಪಂಡಿತನು ಹೇಳುವನೆಂದು ನಿರೀಕ್ಷಿಸುವುದು ಸಹಜ. ನಾನು ಹಾಗೆ ಹೇಳುವುದಿಲ್ಲ. ನಮ್ಮ ಪಾಠಪುಸ್ತಕಗಳು ಜವ, ವೇಗಗಳೆಂದು ಎರಡನ್ನು ಬೇರ್ಪಡಿಸಿವೆ. ಆಡುಮಾತಿನಲ್ಲಿ ಎರಡೂ ವೇಗವೇ. ವಸ್ತುವಿನ ಸಾಂದ್ರತೆಯೆನ್ನುತ್ತೇವೆ, ಸಾಂದ್ರ ಆಮ್ಲವೆಂದೂ ಎನ್ನುತ್ತೇವೆ; ಎರಡೂ ಬೇರೆ ಬೇರೆ ಗುಣಗಳು. ಇಂಥ ಪರಿಭಾಷೆಯನ್ನು ಎರಡು ವರ್ಷ ಕಿವಿಯಿಂದ ಕೇಳದ ಹುಡುಗನನ್ನು ಕನ್ನಡದ ಪ್ರಶ್ನೆಯ ಮುಂದೆ ಥಟ್ಟನೆ ಕೂರಿಸುವುದು ಕನ್ನಡದ ಸೇವೆಯಾಗಲಾರದು. ಜೆಇಇಯಲ್ಲಿ ಕನ್ನಡವನ್ನು ಆರಿಸಿದವರಿಗೆ ಇಂಗ್ಲಿಷ್ ಪಾಠವೂ ಜೊತೆಗೆ ಕಾಣುತ್ತದೆ. ಅನುವಾದದಲ್ಲಿ ಸಂದಿಗ್ಧತೆ ಬಂದರೆ ಇಂಗ್ಲಿಷ್ ಪಾಠವೇ ಅಂತಿಮವೆಂದು ನಿಯಮಗಳಲ್ಲಿ ಬರೆದಿದ್ದಾರೆ. ಎರಡನ್ನೂ ಒಟ್ಟಿಗೆ ಓದಿ ತಾಳೆ ನೋಡಬಲ್ಲವನು ಕನ್ನಡವನ್ನು ಆರಿಸಲಿ. ಆ ಶಕ್ತಿಯನ್ನು ಕೊಡುವುದು ನಮ್ಮ ಕೆಲಸ. ಮತ್ತೊಂದು ಎಚ್ಚರಿಕೆ: ಜೆಇಇಯಲ್ಲಿ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ ಲಭ್ಯ. ಅಕ್ಕಲಕೋಟೆ, ಜತ್ತದ ಕಡೆಯಿಂದ ನಮ್ಮಲ್ಲಿಗೆ ಬಂದು ಓದುವ ಮಕ್ಕಳು ಊರಿಗೆ ಹತ್ತಿರವೆಂದು ಸೋಲಾಪುರದ ಕೇಂದ್ರವನ್ನು ಬರೆದರೆ ಕನ್ನಡವನ್ನು ಕಳೆದುಕೊಳ್ಳುತ್ತಾರೆ.

ಈ ಕೊರತೆಗೆ ನನಗೆ ತೋರುವ ಪರಿಹಾರ ದೊಡ್ಡದೇನೂ ಅಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕಾಲೇಜು ಅಧ್ಯಾಪಕರಾಗಿರುವವರ ಸಂಖ್ಯೆ ಕಡಿಮೆಯಿಲ್ಲ. ಒಬ್ಬೊಬ್ಬರು ತಮ್ಮ ವಿಷಯದ ಎರಡೆರಡು ಅಧ್ಯಾಯಗಳನ್ನು ಹಂಚಿಕೊಂಡು ತಿಳಿಗನ್ನಡದಲ್ಲಿ ಸಾರವನ್ನು ಬರೆದುಕೊಟ್ಟು, ಪ್ರತಿಯೊಂದು ಪಾರಿಭಾಷಿಕ ಪದದ ಮುಂದೆ ಅದರ ಇಂಗ್ಲಿಷ್ ರೂಪವನ್ನು ಕಾಣಿಸಿದರೆ, ಒಂದು ಬೇಸಗೆಯೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳ ಕೈಹೊತ್ತಗೆಗಳು ಸಿದ್ಧವಾಗುತ್ತವೆ. ಕರಡಚ್ಚು ತಿದ್ದುವ ಕೆಲಸವನ್ನು ನಾನು ಹೊರುತ್ತೇನೆ. ಅಕ್ಷರದೋಷಗಳನ್ನು ಹಿಡಿಯುವುದರಲ್ಲಿ ಮಾತ್ರ ನನ್ನ ಕಣ್ಣು ಇನ್ನೂ ಚುರುಕಾಗಿದೆ.

ಫಲಿತಾಂಶದ ವಿಷಯದಲ್ಲಿ ನಡೆಯುವ ಒಂದು ಪ್ರಮಾದವನ್ನೂ ಹೇಳಬೇಕು. ಮಾಡಿದವನು ಇಲ್ಲಿಯೂ ನಾನೇ. ಪ್ರತಿಭಾ ಪುರಸ್ಕಾರದ ಸಭೆಯೊಂದರಲ್ಲಿ ನಿರೂಪಣೆ ಮಾಡುತ್ತ, ವಿದ್ಯಾರ್ಥಿನಿಯೊಬ್ಬಳು ಜೆಇಇಯಲ್ಲಿ ‘ನೂರಕ್ಕೆ 88 ಅಂಕಗಳನ್ನು’ ಗಳಿಸಿದ್ದಾಳೆಂದು ಘೋಷಿಸಿಬಿಟ್ಟೆ. ಸಭೆ ಚಪ್ಪಾಳೆ ತಟ್ಟಿತು. ಆ ಮಗು ತಲೆ ತಗ್ಗಿಸಿತು. ಅದು ಅಂಕವಲ್ಲ, ಪರ್ಸೆಂಟೈಲು. ಒಂದು ಪಾಳಿಯಲ್ಲಿ ಸಾವಿರ ಮಂದಿ ಬರೆದು, 880 ಮಂದಿ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಅಂಕ ಪಡೆದಿದ್ದರೆ ಅವಳದು 88 ಪರ್ಸೆಂಟೈಲು. ಅವಳನ್ನು ಮೀರಿದವರು ನೂರಿಪ್ಪತ್ತು ಮಂದಿ. ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಪ್ರಶ್ನೆಗಳನ್ನು ಕೊಡುವುದರಿಂದ ಈ ಉಪಾಯವನ್ನು ಮಾಡಿದ್ದಾರೆ. ಲಕ್ಷಗಟ್ಟಲೆ ಮಂದಿ ಬರೆಯುವಲ್ಲಿ ನೂರಕ್ಕೆ ಹನ್ನೆರಡು ಎಂದರೆ ಎಷ್ಟು ದೊಡ್ಡ ಸಮೂಹವೆಂದು ಪಾಲಕರಿಗೆ ಮೊದಲೇ ತಿಳಿದಿದ್ದರೆ ಆಮೇಲಿನ ನಿರಾಶೆ, ಮಕ್ಕಳ ಮೇಲಿನ ಸಿಟ್ಟು ಎರಡೂ ಕಡಿಮೆಯಾಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ಶಾಲೆಯೂ ಒಂದು ತರಬೇತಿ ಕೇಂದ್ರವಾಗಬೇಕೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಕಳೆದ ವರ್ಷ ಹಿತಚಿಂತಕರೊಬ್ಬರು ಆರನೆಯ ತರಗತಿಯಿಂದಲೇ ‘ಫೌಂಡೇಶನ್’ ಆರಂಭಿಸೋಣವೆಂದು ಸೂಚಿಸಿದರು. 16 ವರ್ಷ ತುಂಬದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಕೂಡದೆಂದು ಕೇಂದ್ರ ಶಿಕ್ಷಣ ಸಚಿವಾಲಯವೇ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹೊರಗಿನವರಿಗೆ ಬೇಡವೆಂದುದನ್ನು ಶಾಲೆಯ ಒಳಗೆ ತಂದು ಹೆಸರು ಬದಲಾಯಿಸಿ ನಡೆಸುವುದು ಸರಿಯೇ? ಆರನೆಯ ತರಗತಿಯ ಮಗುವಿಗೆ ಬೇಕಾದುದು ಕಥೆಯ ಪುಸ್ತಕ. ಅದನ್ನು ಯಾರೂ ಅರ್ಥ ಹೇಳಿಕೊಡದೆ ತಾನೇ ಓದಿ ಮುಗಿಸಲಿ. ದಿನಕ್ಕೆ ಅರ್ಧ ಗಂಟೆಯ ಮೌನವಾಚನವನ್ನು ಐದನೆಯ ತರಗತಿಯಿಂದ ಹತ್ತನೆಯವರೆಗೆ ಕಡ್ಡಾಯ ಮಾಡಿದರೆ, ಯಾವ ಪರದೆಯ ಮುಂದೆ ಕುಳಿತರೂ ಆ ಮಕ್ಕಳ ಕಣ್ಣು ಅಂಜುವುದಿಲ್ಲ. ಬಾಯಿಪಾಠವನ್ನು ಬಿಡಬೇಕೆಂದು ನಾನು ಎಂದೂ ಹೇಳೆನು. ಕಂಠಸ್ಥವಾದ ಪದ್ಯವೇ ಪದಸಂಪತ್ತು. ಬಿಡಬೇಕಾದುದು ಪ್ರಶ್ನೋತ್ತರಗಳ ಬಾಯಿಪಾಠ.

ದಾನಿಗಳಲ್ಲಿ ನನ್ನದೊಂದು ಬಿನ್ನಹ. ಕಟ್ಟಡಗಳನ್ನೂ ಮಹಾದ್ವಾರಗಳನ್ನೂ ಕಟ್ಟಿಸಿಕೊಟ್ಟಿದ್ದೀರಿ. ಶಾಲೆ ಅದನ್ನು ಮರೆಯದು. ಗಣಕಯಂತ್ರದ ಕೊಠಡಿಯ ವಿಷಯದಲ್ಲಿ ಯಂತ್ರಗಳನ್ನು ಕೊಳ್ಳುವುದಕ್ಕಿಂತ ಅವುಗಳನ್ನು ಸುಸ್ಥಿತಿಯಲ್ಲಿ ಇಡುವ ವೆಚ್ಚವೇ ಹೆಚ್ಚು. ವಿದ್ಯುತ್ತು ಹೋದರೆ ಒಂದು ಗಂಟೆ ನಡೆಸಬಲ್ಲ ಬ್ಯಾಟರಿಗಳು, ಕೆಟ್ಟ ಯಂತ್ರವನ್ನು ಅದೇ ವಾರದಲ್ಲಿ ಸರಿಪಡಿಸುವ ವ್ಯವಸ್ಥೆ, ಸಂಜೆ ಪ್ರಸಾದನಿಲಯದ ಮಕ್ಕಳಿಗಾಗಿ ಎರಡು ಗಂಟೆ ಬಾಗಿಲು ತೆರೆದು ಕುಳಿತಿರಬಲ್ಲ ಒಬ್ಬ ಸಹಾಯಕನ ಸಂಬಳ, ಇವು ಬೇಕು. ಇವುಗಳ ಮೇಲೆ ಹೆಸರಿನ ಶಿಲೆಯನ್ನು ನೆಡಲಾಗುವುದಿಲ್ಲವೆಂಬುದನ್ನು ಬಲ್ಲೆ. ಯಂತ್ರಗಳನ್ನು ಅತಿಯಾಗಿ ನಂಬಬೇಕೆಂದೂ ನಾನು ಹೇಳೆನು. 2022ರ ಆಗಸ್ಟ್ 4ರಂದು ತಾಂತ್ರಿಕ ತೊಂದರೆಯಿಂದ ಸಿಯುಇಟಿಯ ಎರಡನೆಯ ಪಾಳಿಯನ್ನೇ ದೇಶದಾದ್ಯಂತ ರದ್ದು ಮಾಡಬೇಕಾಯಿತು. ದೂರದ ಪಟ್ಟಣಕ್ಕೆ ಸಾಲ ಮಾಡಿ ಹೋದ ಮಕ್ಕಳು ಬರಿಗೈಯಲ್ಲಿ ಹಿಂದಿರುಗಿದರು. ಆದುದರಿಂದ ಪರೀಕ್ಷೆಗೆ ಹೋಗುವ ಬಡ ವಿದ್ಯಾರ್ಥಿಗಳ ಪ್ರಯಾಣಕ್ಕೂ ಒಂದು ರಾತ್ರಿಯ ವಸತಿಗೂ ಒಂದು ಸಣ್ಣ ನಿಧಿ ಇರುವುದು ಒಳ್ಳೆಯದು. ಹಿಂದಿನ ದಿನವೇ ಹೋಗಿ ಮಲಗಿ ಎದ್ದ ಹುಡುಗನಿಗೂ ನಸುಕಿನ ಬಸ್ಸಿನಲ್ಲಿ ನಿಂತು ಹೋದ ಹುಡುಗನಿಗೂ ಆ 60 ನಿಮಿಷಗಳು ಒಂದೇ ಆಗಿರುವುದಿಲ್ಲ.

ಈ ವರ್ಷದ ವೇಳಾಪಟ್ಟಿಯ ಸಭೆಯಲ್ಲಿ ನನ್ನ ವ್ಯಾಕರಣದ ಒಂದು ಅವಧಿಯನ್ನು ಆ ಕೊಠಡಿಗೆ ಬಿಟ್ಟುಕೊಟ್ಟಿದ್ದೇನೆ. ಎರಡನ್ನೂ ಬಿಡಿರೆಂದು ಕಿರಿಯ ಮಿತ್ರರು ಕೇಳಿದರು, ಒಂದಕ್ಕೆ ಒಪ್ಪಿದೆ. ಕೊಠಡಿಯ ಬೀಗದ ಕೈ ಈಗ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿಲ್ಲ. ಶಿಕ್ಷಕರ ಕೊಠಡಿಯಲ್ಲಿ ನನ್ನ ಕುರ್ಚಿಯ ಹಿಂದಿನ ಮೊಳೆಗೆ ತೂಗುಹಾಕಿದೆ. ಬುಧವಾರ ಮೂರನೆಯ ಅವಧಿಯ ಗಂಟೆ ಬಾರಿಸುವ ಮೊದಲೇ ಒಂಬತ್ತನೆಯ ತರಗತಿಯ ಹುಡುಗರು ಬಂದು ಅದನ್ನು ಕೇಳುತ್ತಾರೆ.